ಕಾಗದದ ಮೇಲೆ ಮೂಡದ ಗೆರೆಗಳು

೪ ಮಾರ್ಚ್, ಬುಧವಾರ

ಇನ್ನೂ ನಂಬಲಾಗುತ್ತಿಲ್ಲ. ನೀಟ್ ಅರ್ಜಿಗೆ ಹತ್ತೂ ಬೆರಳಿನ ಗುರುತು ಬೇಕು. ಶಹಾಬಾದಿನ ಇಂಟರ್‌ನೆಟ್ ಅಂಗಡಿಯಲ್ಲಿ ಮೂರು ಸಲ ಒತ್ತಿದೆ. ಮೂಡಿದ್ದು ಬರೀ ನೀಲಿ ಮಸಿ, ಒಂದು ಗೆರೆಯೂ ಇಲ್ಲ!

"ಕಲ್ಲಿನ ಕೆಲಸ ಮಾಡ್ತಿಯೇನವಾ?" ಎಂದ ಅಂಗಡಿಯವನು.

ರಜೆಯಲ್ಲೆಲ್ಲ ಅಪ್ಪನ ಜೊತೆ ನೆಲಕ್ಕೆ ಹಾಸುವ ಫರಸಿಕಲ್ಲು ಪಾಲಿಶ್ ಮಾಡಿದ್ದೇನೆ. ಆದರೆ ಬೆರಳಿನ ಗೆರೆ ಸಾಯುವ ತನಕ ಅಳಿಯುವುದಿಲ್ಲ ಎಂದುಕೊಂಡಿದ್ದೆ.

ಮನೆಗೆ ಬಂದು ಹೇಳಿದಾಗ ಅಪ್ಪ ತನ್ನ ಕೈ ಚಾಚಿದ. ಬೆರಳ ತುದಿಗಳು ಕಲ್ಲಿನಷ್ಟೇ ನುಣುಪು.

"ನನ್ನವು ಹೋಗಿ ಭಾಳ ವರ್ಷ ಆತು. ರೇಷನ್ ನಿಮ್ಮವ್ವನ ಹೆಬ್ಬಟ್ಟಿನ ಮ್ಯಾಲೇ ಬರಾಕತ್ತದ. ನೀ ಹದಿನೈದು ದಿನ ಕಲ್ಲು ಮುಟ್ಟಬ್ಯಾಡ, ಗೆರಿ ಬರ್ತಾವ."

ಅರ್ಜಿಗೆ ಭಾನುವಾರವೇ ಕೊನೆ.

ರೇಷನ್ ಸಾಲಿನಲ್ಲಿ ಅವ್ವ ಒಬ್ಬಳೇ ನಿಲ್ಲುವಾಗಲೆಲ್ಲ ಅಪ್ಪನನ್ನು ಸೋಮಾರಿ ಎಂದು ಮುಖದ ಮೇಲೇ ಅಂದಿದ್ದೇನೆ. ಅವನು ಒಮ್ಮೆಯೂ ಕೈ ತೋರಿಸಿರಲಿಲ್ಲ.