ಕೊಯ್ಲಾದ ಮೇಲಿನ ಕಾವಲು

ನವೆಂಬರ್ ೧೧, ಸಂಜೆ

ಇವತ್ತು ಜೋಯಿಡಾ ಕಡೆ ಎರಡು ಊರು. ಮೊದಲನೇ ಊರಿನವರು ಕೊಂಕಣಿ ಬಿಟ್ಟು ಬೇರೆ ಮಾತಾಡಲಿಲ್ಲ. ನನ್ನ ಕೊಂಕಣಿ ಮೀನು ಕೊಳ್ಳುವಷ್ಟು ಮಾತ್ರ. ಡ್ರೈವರ್ ಖಾಜಾಸಾಬನೇ ಕೊಂಕಣಿಗೆ ತಿರುಗಿಸಿ ಹೇಳಿದ. ನಾನು ಒಂದು ಮಾತು ಹೇಳಿದರೆ ಅವನು ನಾಲ್ಕು ಹೇಳುತ್ತಾನೆ, ಜನ ನಗುತ್ತಾರೆ. ಏನು ಹೇಳಿದೆಯಪ್ಪಾ ಅಂದರೆ, ನೀವು ಹೇಳಿದ್ದನ್ನೇ ಅನ್ನುತ್ತಾನೆ.

‘ರೈತರ ಮನಸ್ಸಿನ ಆರೋಗ್ಯ’ — ಬ್ಯಾನರ್ ಕಟ್ಟಲು ಕಂಬ ಸಿಗದೆ ಜೀಪಿಗೇ ಕಟ್ಟಿದೆವು. ಚಾರ್ಟಿನ ನಾಲ್ಕನೇ ಹಾಳೆ ತೆರೆದೆ. ರಾತ್ರಿ ನಿದ್ದೆ ಇಲ್ಲ, ಒಬ್ಬರೇ ಕೂರುವುದು, ಮನೆಯವರ ಜೊತೆ ಮಾತು ಕಡಿಮೆ... ಎರಡು ವಾರದಿಂದ ಹೀಗಿರುವವರು ಯಾರಾದರೂ ಇದ್ದೀರಾ? ಗಂಡಸರೆಲ್ಲ ಕೈ ಎತ್ತಿದರು. ಬತ್ತಕ್ಕೆ ತೆನೆ ಬಂದಿದೆ, ಆನೆ ಹಂದಿ ಕಾಯಲು ಎಲ್ಲರೂ ಗದ್ದೆಯ ಮಾಳದ ಮೇಲೇ. ನಾಲ್ಕು ಕಂಬ, ಮೇಲೊಂದು ಹುಲ್ಲಿನ ಗೂಡು. ಒಬ್ಬ ಕೂಗು ಹಾಕಿದರೆ ಪಕ್ಕದ ಮಾಳದವನು ‘ಓ’ ಅನ್ನಬೇಕು, ಎಚ್ಚರ ಇದ್ದಾನೆ ಅಂತ ಗೊತ್ತಾಗಲು. ಇದರಲ್ಲಿ ನಿದ್ದೆ ಎಲ್ಲಿಂದ ಬರಬೇಕು? ಹಾಗಾದರೆ ನಿದ್ದೆ ಗುಳಿಗೆ ಆನೆಗೇ ಕೊಡಿ ಅಂದನಂತೆ ಒಬ್ಬ. ನಾನೂ ನಕ್ಕೆ.

ಅಂಬೇವಾಡಿಯ ಮನೆಗೆ ಬಂದಾಗ ಇವರು ರಾತ್ರಿ ಶಿಫ್ಟಿಗೆ ಮಿಲ್ಲಿಗೆ ಹೋಗಿಯಾಗಿತ್ತು. ಅನ್ನ ತಣ್ಣಗಾಗಿತ್ತು. ಬಿಸಿ ಮಾಡಲಿಲ್ಲ.

ನವೆಂಬರ್ ೨೦

ಹಳಿಯಾಳ ಕಡೆ ಮೂರು ಊರು. ಅದೇ ಹಾಳೆ, ಅದೇ ನಗು. ಸುಗ್ಗಿ ಮುಗಿಯುವ ತನಕ ಅದನ್ನು ತೋರಿಸುವುದೇ ಇಲ್ಲ ಅಂತ ತೀರ್ಮಾನ ಮಾಡಿದೆ. ಆಫೀಸಿಗೂ ತಿಳಿಸಿದೆ — ಕಾವಲಿನ ಹಂಗಾಮಿನಲ್ಲಿ ಈ ಲಕ್ಷಣ ಲೆಕ್ಕಕ್ಕೆ ಬರುವುದಿಲ್ಲ. ಸರ್ ಮೆಚ್ಚಿಕೊಂಡರು. ‘ಗುಡ್ ಪಾಯಿಂಟ್ ವಿದ್ಯಾವತಿ.’ ಅವರಿಂದ ಒಳ್ಳೆ ಮಾತು ಬಂದಿದ್ದೇ ಅಪರೂಪ.

ಸಂಜೆ ತವರಿಗೆ ಫೋನ್ ಮಾಡಿದೆ. ಅಣ್ಣನ ಹೆಂಡತಿ, ಮಾಲವ್ವ ವೈನಿ ಎತ್ತಿದಳು. ಮುಂಡಗೋಡ ಕಡೆ ಬತ್ತ ಈ ಸಲ ಭರ್ಜರಿ ಅಂತೆ. ಸೋಮಪ್ಪಣ್ಣ ಕಾವಲಿಗೆ ಹೋಗಿದ್ದಾನೆ. ಮಾತಾಡುವಾಗಲೇ ಗದ್ದೆ ಕಡೆಯಿಂದ ಅವನ ಕೂಗು ಕೇಳಿಸಿತು. ಹಿಂದೆಯೇ ಪಕ್ಕದ ಗದ್ದೆಯ ಚನಬಸಪ್ಪನ ‘ಓ’. ಚಿಕ್ಕಂದಿನಲ್ಲಿ ಅದನ್ನು ಕೇಳುತ್ತಲೇ ಮಲಗುತ್ತಿದ್ದೆ. ಅಳು ಬಂದ ಹಾಗಾಯಿತು. ದಣಿವಿಗೆ ಇರಬೇಕು.

ಡಿಸೆಂಬರ್ ೮

ಕುಳಗಿ ಕ್ಯಾಂಪಿನಲ್ಲಿ ನಮಗೇ ತರಬೇತಿ. ಡಾಕ್ಟರು ಒಂದೇ ಮಾತನ್ನು ಹಿಡಿದು ಕುಟ್ಟಿದರು: ಸುತ್ತಿ ಬಳಸಬೇಡಿ, ಸಾಯಬೇಕು ಅನ್ನಿಸುತ್ತದೆಯೇ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನೋದು ಸುಳ್ಳು. ಕೇಳಿಸಿಕೊಂಡವರಿಗೆ ಹಗುರವೇ ಆಗುತ್ತದೆ.

ಜೋಡಿ ಮಾಡಿ ಅಭ್ಯಾಸ ಮಾಡಿಸಿದರು. ನನಗೆ ಖಾಜಾಸಾಬ. ಅವನು ಕೇಳಿದ, ನಾನು ಹೌದು ಅಂದೆ — ರಿಪೋರ್ಟ್ ಬರೆಯುವಾಗಲೆಲ್ಲ. ಎಲ್ಲರೂ ನಕ್ಕರು. ಖಾಜಾಸಾಬ ನಗಲಿಲ್ಲ. ವಾಪಸು ಬರುವಾಗ ದಾರಿಯಲ್ಲಿ ಚಹಾ ಕುಡಿಸಿದ.

ಡಿಸೆಂಬರ್ ೨೨

ತವರಿಗೆ ಫೋನ್. ರಾಶಿ ಮುಗಿದು ಬತ್ತದ ಚೀಲವೆಲ್ಲ ಮನೆ ಸೇರಿದವಂತೆ. ಅಣ್ಣನಿಗೆ ಕೊಡು ಅಂದೆ. ಕಾವಲಿಗೆ ಹೋಗ್ಯಾರ ಅಂದಳು ಮಾಲವ್ವ. ಸರಿ, ಆಮೇಲೆ ಮಾಡುತ್ತೇನೆ ಅಂದೆ. ಮಾಡಲಿಲ್ಲ. ವರ್ಷಾಂತ್ಯದ ಟಾರ್ಗೆಟ್ ಕುತ್ತಿಗೆಗೆ ಬಂದಿದೆ.

ಜನವರಿ ೬, ಮಧ್ಯಾಹ್ನ, ಜೀಪಿನಲ್ಲಿ

ಅಕ್ಷರ ಸೊಟ್ಟಗಾಗುತ್ತಿದೆ. ರಸ್ತೆಯೂ ಹಾಗೇ ಇದೆ.

ಹಳಿಯಾಳದ ಹತ್ತಿರ, ನವೆಂಬರಿನಲ್ಲಿ ಹೋಗಿದ್ದ ಊರಿನಲ್ಲೇ ಸಭೆ. ಸುಗ್ಗಿ ಮುಗಿಯಿತಲ್ಲ ಅಂತ ನಾಲ್ಕನೇ ಹಾಳೆ ಮತ್ತೆ ಸೇರಿಸಿದ್ದೆ. ಅದೇ ಪ್ರಶ್ನೆ ಕೇಳಿದೆ. ಒಂದು ಕೈಯೂ ಏಳಲಿಲ್ಲ. ಮೊನ್ನೆ ಎಲ್ಲರೂ ಎತ್ತಿದ್ದಿರಲ್ಲ ಅಂದೆ. ಮುಂದೆ ಕೂತಿದ್ದ ಮಲಕಪ್ಪ ಅನ್ನುವವನು ನಕ್ಕ.

“ರಾಶಿ ಆತಲ್ರಿ ಮೇಡಂ. ಕೊಯ್ದ ಗದ್ದ್ಯಾಗಿನ ಬರೇ ಕೂಳಿ ಕಾಯಾಕ ಯಾರ್ ಹೋಗ್ತಾರ್ರಿ?”

ಎಲ್ಲರೂ ನಕ್ಕರು. ನನ್ನ ಕಿವಿಯಲ್ಲಿ ಮಾಲವ್ವನ ದನಿ — ಕಾವಲಿಗೆ ಹೋಗ್ಯಾರ.

ಸಭೆ ಅರ್ಧಕ್ಕೇ ಬಿಟ್ಟು ಎದ್ದು ಫೋನ್ ಮಾಡಿದೆ. ಹೌದಂತೆ, ಈಗಲೂ ದಿನಾ ಹೋಗುತ್ತಾನಂತೆ. ಊಟ ಅರ್ಧಕ್ಕರ್ಧ ಬಿಡುತ್ತಾನಂತೆ.

“ಹೊತ್ತ ಮುಳಗೂ ಮುಂದ ಕೂಗ ಹಾಕ್ತಾರ. ಯಾರೂ ಓ ಅನ್ನೂದಿಲ್ಲ. ಮತ್ತ ಹಾಕ್ತಾರ,” ಅಂದಳು. “ರೂಢಿ ಬಿದ್ದೈತಿ ಅಂತ ನಾ ಸುಮ್ನಾದ್ನಿ. ಬೆಳಿ ಇಷ್ಟ ಚಲೋ ಬಂದೈತಿ, ಅವರಿಗೇನ ಚಿಂತಿ?”

ಖಾಜಾಸಾಬ ನನ್ನ ಮುಖ ನೋಡಿದ. ಬ್ಯಾನರ್ ಬಿಚ್ಚಿ ಜೀಪು ಮುಂಡಗೋಡದ ಕಡೆ ತಿರುಗಿಸಿದ.

ಊರೂರಿಗೆ ಹೋಗಿ ಲಕ್ಷಣ ಹೇಳುವವಳು ನಾನು. ನನ್ನ ಅಣ್ಣ.

ಜನವರಿ ೭, ಮಂಗಳವಾರ, ಆಸ್ಪತ್ರೆಯ ವರಾಂಡ

ಮನೋವೈದ್ಯರು ಇಲ್ಲಿಗೆ ಬರುವುದು ಮಂಗಳವಾರ ಮಾತ್ರ. ಚೀಟಿ ತೆಗೆಸಿ ಕೂತಿದ್ದೇವೆ. ಅಣ್ಣ ಬೆಂಚಿನ ತುದಿಯಲ್ಲಿ, ಟವೆಲ್ ಮಡಚುತ್ತಾನೆ, ಬಿಚ್ಚುತ್ತಾನೆ. ಮಾಲವ್ವ ಅವನ ಅಂಗಿಯ ಚುಂಗು ಹಿಡಿದೇ ಕೂತಿದ್ದಾಳೆ.

ನಿನ್ನೆ ಬಿಸಿಲು ಇರುವಾಗಲೇ ಅಣ್ಣ ಕೂತಿದ್ದ ಮಾಳ ಹತ್ತಿದೆ. ಗದ್ದೆ ತುಂಬ ಬರೀ ಕೂಳೆ. ಅಣ್ಣ ಸೊರಗಿ ಹೋಗಿದ್ದಾನೆ, ಕೆನ್ನೆಯ ಮೂಳೆ ಕಾಣುತ್ತಿದೆ. ಯಾಕ ಬಂದಿ ಅಂದ. ದಾಂಡೇಲಿ ಸುದ್ದಿ, ಇವರ ಶಿಫ್ಟು, ಬಸ್ಸಿನ ತಾಪತ್ರಯ — ಎಲ್ಲ ಹೇಳಿದೆ. ಕೇಳಬೇಕಾದ್ದೊಂದು ಬಾಯಿಗೆ ಬರಲಿಲ್ಲ. ಪರರ ಅಣ್ಣತಮ್ಮಂದಿರಿಗೆ ಸಲೀಸಾಗಿ ಕೇಳುವ ಪ್ರಶ್ನೆ. ಹೂಂ ಅಂದುಬಿಟ್ಟರೆ ಏನು ಮಾಡಲಿ ಅನ್ನುವ ಹೆದರಿಕೆ. ಕೊನೆಗೆ ಅವನ ಮುಖ ನೋಡದೆ ಕೇಳಿದೆ.

“ಅಣ್ಣಾ, ಸಾಯಬೇಕ ಅನಸ್ತೈತೇನು?”

ಗೂಡಿನ ಹುಲ್ಲಿನ ಎಳೆಯೊಂದನ್ನು ಕಿತ್ತ.

“ಅನಸ್ತೈತಿ,” ಅಂದ. “ಮನ್ಯಾಗ ಅಳಾಕ ಬರೂದಿಲ್ಲ ವಿದ್ಯಾ. ಎಲ್ಲಾರೂ ಇರ್ತಾರ. ಅದಕ್ಕ ಇಲ್ಲಿ ಬರ್ತೇನಿ. ಬೆಳಿ ಚಲೋ ಬಂದ ವರ್ಷ ನನಗ ಹಿಂಗ ಅಂದ್ರ ಯಾರರೆ ನಂಬತಾರೇನು?”

ನಾನು ನಂಬುತ್ತೇನೆ ಅಂದೆ. ಇದು ರೋಗ, ಇದಕ್ಕೆ ಔಷಧ ಇದೆ ಅಂದೆ. ಎದುರಿಗಿದ್ದವರ ಮುಂದೆ ಅಳಬೇಡಿ ಅಂತ ತರಬೇತಿಯಲ್ಲಿ ಹೇಳಿದ್ದರು. ಅತ್ತೆ. ಅವನೂ ಅತ್ತ. ಕೈ ಹಿಡಿದು ಇಳಿಸಿಕೊಂಡು ಬಂದೆ. ಬೆಳೆಗೆ ಹೊಡೆಯುವ ಔಷಧದ ಡಬ್ಬಗಳನ್ನೆಲ್ಲ ಚನಬಸಪ್ಪನ ಮನೆಗೆ ಸಾಗಿಸಿದೆವು, ಬೀಗ ಹಾಕಿ ಇಡು ಅಂತ.

ಕರೆದರು.

ಜನವರಿ ೧೪

ಸಂಕ್ರಮಣ. ರಜೆ ಹಾಕಿ ತವರಿನಲ್ಲೇ ಇದ್ದೇನೆ. ಗುಳಿಗೆ ಹಿಡಿಯಲು ಕೆಲವು ವಾರ ಬೇಕು, ಅಲ್ಲಿಯ ತನಕ ಒಬ್ಬನನ್ನೇ ಬಿಡಬೇಡಿ ಅಂದಿದ್ದಾರೆ ಡಾಕ್ಟರು. ಯಾರಾದರೂ ಮಾಟ ಮಾಡಿಸಿದ್ದಾರಾ ಅಂತ ಮಾಲವ್ವ ಅವರನ್ನೇ ಕೇಳಿದಳು. ಇಲ್ಲಮ್ಮ ಅಂದರು, ಬೇಸರವಿಲ್ಲದೆ. ನನಗೆ ಅಷ್ಟು ತಾಳ್ಮೆ ಉಳಿದಿರಲಿಲ್ಲ.

ಹಗಲೆಲ್ಲ ಮಂಪರು. ಹೊತ್ತು ಇಳಿದರೆ ಸಾಕು, ಅಣ್ಣನ ಕಾಲು ಗದ್ದೆಯ ಕಡೆ. ತಡೆದರೆ ಮಾತೇ ಬಿಡುತ್ತಾನೆ. ದಾರಿ ಹುಡುಕಿದವನು ಚನಬಸಪ್ಪ. ದಿನಾ ಸಂಜೆ ಅಣ್ಣನ ಜೊತೆಗೇ ಹೊರಟು, ಬದುವಿನ ಆಚೆಗಿನ ತನ್ನ ಮಾಳ ಹತ್ತುತ್ತಾನೆ. ಕಣ್ಣಳತೆ ದೂರ. ಕತ್ತಲಾಗುವ ಮೊದಲು ಇಬ್ಬರೂ ಕೂಡಿ ಮನೆಗೆ. ಕಡ್ಡಿ ಇಲ್ಲದ ಗದ್ದೆಗೆ ಇಬ್ಬರು ಕಾವಲುಗಾರರು ಅಂತ ಊರು ನಗುತ್ತಿದೆ.

“ನಗವಲ್ಲರ್ಯಾಕ ಬಿಡವಾ,” ಅಂದ ಚನಬಸಪ್ಪ. “ನಮ್ಮೂರಾಗ ನಗಾಕ ಬ್ಯಾರೆ ಏನೈತಿ?”

ಆದರೆ ಅಣ್ಣ ಈಗ ಕೂಗು ಹಾಕುತ್ತಿಲ್ಲ. ಚನಬಸಪ್ಪನೇ ಹಾಕುತ್ತಾನೆ. ಅಣ್ಣ ಓ ಅನ್ನುವುದಿಲ್ಲ. ಸುಮ್ಮನೆ ನೋಡುತ್ತಾನೆ ಅಂತೆ.

ಜನವರಿ ೨೦, ಸಂಜೆ, ಅಂಬೇವಾಡಿ

ಮತ್ತೆ ಕೆಲಸ. ಬೆಳಿಗ್ಗೆ ಒಂದು ಊರು. ನಾಲ್ಕನೇ ಹಾಳೆಯಲ್ಲೇ ಬಹಳ ಹೊತ್ತು ನಿಂತೆ, ಟೈಮ್ ಮೀರಿತು. ಖಾಜಾಸಾಬ ಗಡಿಯಾರ ತೋರಿಸಲಿಲ್ಲ.

ಈಗ ಮಾಲವ್ವನ ಫೋನ್. ಅಣ್ಣ ಮಧ್ಯಾಹ್ನ ಊಟ ಮುಟ್ಟಿಲ್ಲ. ಚನಬಸಪ್ಪ ಸಂತೆಗೆ ಹೋದವನು ತಡ. ಅವಳು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಅಣ್ಣ ಒಬ್ಬನೇ ಗದ್ದೆಗೆ ಹೋಗಿದ್ದಾನೆ. ಹಿಂದೆ ಹೋಗು ಅಂದೆ. ಹೊಂಟೇನಿ ಅಂದಳು, ಫೋನ್ ಇಡಬ್ಯಾಡ ಅಂದಳು. ಸ್ಪೀಕರ್ ಹಾಕಿ ಮುಂದೆ ಇಟ್ಟುಕೊಂಡಿದ್ದೇನೆ. ಸುಮ್ಮನೆ ಕೂರಲು ಆಗದೆ ಬರೆಯುತ್ತಿದ್ದೇನೆ. ಅವಳ ಏದುಸಿರು, ಬಳೆ, ಒಣ ಕೂಳೆಯ ಸದ್ದು.

ಚನಬಸಪ್ಪ ಬಂದ. ಸಂತೆಯ ಚೀಲ ಬದುವಿನ ಮೇಲೇ ಒಗೆದನಂತೆ. ಅಲ್ಲಿಂದಲೇ ಕೂಗು ಹಾಕಿದ. ಏನೂ ಇಲ್ಲ. ಮತ್ತೆ ಹಾಕಿದ. ಮಾಲವ್ವ ನಿಂತುಬಿಟ್ಟಿದ್ದಾಳೆ, ಸದ್ದೇ ಇಲ್ಲ... ದೇವರೇ...

ಮೂರನೇ ಸಲ.

ಓ.

ಅಣ್ಣನದೇ. ಸಣ್ಣಗೆ. ಇಲ್ಲ, ನನ್ನ ಭ್ರಮೆಯಲ್ಲ, ಮಾಲವ್ವ ಅಳುತ್ತಿದ್ದಾಳೆ. ಈಗ ಅವನೇ ಕೂಗು ಹಾಕುತ್ತಿದ್ದಾನೆ. ನಾನೂ ಇಲ್ಲಿಂದಲೇ ಫೋನಿಗೆ ಬಾಯಿ ಹಚ್ಚಿ ಓ—