ಹವಳಕ್ಕೆ ಎಷ್ಟು ಬೆಳಕು, ಎಷ್ಟು ಅಲೆ

ಉಮ್ಲಾಜಿ, ಡರ್ಬನ್
೧೪ ಜೂನ್ ೨೦೨೩, ಬುಧವಾರ

ಪ್ರೀತಿಯ ಸೊಸೆ ನೊಲ್ವಾಜಿಗೆ,

ಹೇಗಿದ್ದೀಯ ಮಗಳೇ? ನಿನ್ನ ತಾಯಿಯ ಮಂಡಿನೋವು ಇಳಿಯಿತೇ? ಪೋರ್ಟ್ ಶೆಪ್‌ಸ್ಟೋನ್‌ನಲ್ಲಿ ಈಗ ಕಡಲ ಗಾಳಿ ಬಲು ಜೋರಂತೆ, ಕಿವಿ ಮುಚ್ಚುವ ಹಾಗೆ ಬಟ್ಟೆ ಕಟ್ಟಿಕೊಳ್ಳಲು ಹೇಳು. ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ತಪ್ಪಿಸಿಲ್ಲ, ಉಪ್ಪು ಬಿಟ್ಟಿದ್ದೇನೆ ಎಂದರೆ ನೀನು ನಂಬುವವಳಲ್ಲ, ಆದ್ದರಿಂದ ಹೇಳುವುದಿಲ್ಲ. ನೀನು ಫೋನ್ ಎತ್ತುತ್ತಿಲ್ಲ. ಎತ್ತಬೇಡ. ಊಟಕ್ಕೆ ಕುಳಿತಲ್ಲೇ ನನ್ನ ಮಗ ಸಿಬೊನೆಲೊ, ಆ ಹೆಂಗಸಿನ ಮಗುವಿಗೆ ತಾನೇ ಅಪ್ಪ ಎಂದು ಬಾಯಿಬಿಟ್ಟ ದಿನ ನೀನು ಒಂದೇ ಚೀಲ ಹಿಡಿದು ಹೊರಟವಳು. ಈ ಮನೆಯ ನಂಬರ್ ಕಂಡರೆ ನಿನ್ನ ಹೊಟ್ಟೆ ಉರಿಯುವುದು ನನಗೆ ಅರ್ಥವಾಗುತ್ತದೆ. ಅದಕ್ಕೇ ಈ ಕಾಗದ. ಪಕ್ಕದ ಮನೆಯ ಮಾಚೇಲೆ ಇವತ್ತು ಮಧ್ಯಾಹ್ನ ನಿಮ್ಮೂರಿಗೆ ಸಾವಿನ ಮನೆಗೆ ಹೊರಟಿದ್ದಾಳೆ. ಅವಳ ಕೈಗೆ ಕೊಡುತ್ತೇನೆ, ದಾರಿಯಲ್ಲಿ ಬಿಡಿಸಿ ಓದದಿದ್ದರೆ ಸಾಕು.

ಗಾಜಿನ ತೊಟ್ಟಿಯಲ್ಲಿ ನೀನು ಸಾಕಿದ ಹವಳಗಳ ವಿಷಯಕ್ಕೆ ಬರುತ್ತೇನೆ. ಹೋಗುವಾಗ ನೀನು ಅಳುತ್ತಲೇ ಹೇಳಿದ್ದೆ, "ಅಮ್ಮಾ, ಮೇಲಿರೋ ಗುಲಾಬಿ ಬಣ್ಣದ ಕೊಂಬೆಗೆ ಬೆಳಕೂ ಜಾಸ್ತಿ, ಅಲೆಯೂ ಜೋರಾಗಿರ್ಬೇಕು. ತಳದಲ್ಲಿರೋ ಅಣಬೆ ಹವಳಕ್ಕೆ ಎರಡೂ ಕಮ್ಮಿ. ನಡುವೆ ಇರೋದನ್ನ ನೋಡ್ಕೊಂಡು ಮಾಡಿ." ನೋಡಿಕೊಂಡು ಮಾಡು ಎಂದರೆ ಏನು ನೋಡಲಿ? ಅರವತ್ತು ದಾಟಿದ ಹೆಂಗಸು, ಕೋಳಿ ಸಾಕಿ ಗೊತ್ತು, ಕುಂಬಳ ಬೆಳೆದು ಗೊತ್ತು. ಹವಳ ಕಲ್ಲೋ, ಗಿಡವೋ, ಪ್ರಾಣಿಯೋ ಎಂಬುದೇ ನನಗೆ ಇನ್ನೂ ಸರಿಯಾಗಿ ತಲೆಗೆ ಹೋಗಿಲ್ಲ. ಪ್ರಾಣಿ ಅನ್ನುತ್ತೀಯ ನೀನು. ಹಾಗಾದರೆ ಅದಕ್ಕೆ ಬಿಸಿಲು ಯಾಕೆ ಬೇಕು? ಮೈಯೊಳಗೆ ಸಣ್ಣ ಪಾಚಿ ಸಾಕಿಕೊಂಡಿದೆ, ಅದು ಬೆಳಕಿನಲ್ಲಿ ಅಡುಗೆ ಮಾಡಿ ಹಾಕುತ್ತದೆ ಎಂದು ಚಾಟ್ಸ್‌ವರ್ತ್‌ನ ಸಾಕುಮೀನಿನ ಅಂಗಡಿಯ ಪೆರುಮಾಲ್ ಫೋನಿನಲ್ಲಿ ವಿವರಿಸಿದರು. ಹೂಂ ಅಂದೆ, ಅಷ್ಟೆ.

ಲೋಡ್ ಶೆಡ್ಡಿಂಗ್ ಹೆಚ್ಚಿ ತೊಟ್ಟಿಯ ದೀಪ ಉರಿಯುವ ಹೊತ್ತು ಅರ್ಧಕ್ಕೆ ಇಳಿಯಿತು. ಗುಲಾಬಿ ಕೊಂಬೆ ದಿನೇದಿನೇ ಕಂದು ಬಣ್ಣಕ್ಕೆ ತಿರುಗಿತು. ಬೆಳಕು ಸಾಲದು ಎಂದು ನಾನೇ ದೀಪವನ್ನು ಪೂರ್ತಿ ಏರಿಸಿಬಿಟ್ಟೆ. ವಾರ ಕಳೆಯುವುದರೊಳಗೆ ತುದಿಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾದವು. ಗಾಬರಿಯಾಗಿ ಮತ್ತೆ ಪೆರುಮಾಲ್‌ಗೆ ಫೋನ್ ಮಾಡಿದೆ. "ಕಂದು ಬಣ್ಣ ಬಂದ್ರೆ ಬೆಳಕು ಕಮ್ಮಿ ಆಗಿದೆ, ಬೆಳ್ಳಗಾದ್ರೆ ಜಾಸ್ತಿ ಆಗಿದೆ ಮಾ," ಎಂದರು. "ಬುಡ ಕಂದು, ತುದಿ ಬೆಳ್ಳಗೆ ಇದ್ರೆ?" ಎಂದೆ. "ಆಗ ನೀವು ಅದನ್ನ ಸ್ವಲ್ಪ ನೆಮ್ಮದಿಯಾಗಿ ಇರೋಕೆ ಬಿಡಿ," ಎಂದರು. ಕತ್ತಲೆಗೆ ಒಗ್ಗಿದ್ದನ್ನು ಒಮ್ಮೆಲೇ ಬಿಸಿಲಿಗೆ ತಳ್ಳಬಾರದಂತೆ, ಹಂತ ಹಂತವಾಗಿ ಏರಿಸಬೇಕಂತೆ. ದೀಪ ಇಳಿಸಿ, ಕೊಂಬೆಯನ್ನು ಒಂದು ಕಲ್ಲು ಕೆಳಗಿಟ್ಟೆ.

ಅಷ್ಟರಲ್ಲಿ ನಡುವಿನದು, ಬೆರಳತುದಿಗೆ ಸುತ್ತಿಗೆ ಕಟ್ಟಿದಂತೆ ತೂಗುವ ಆ ಹಸಿರು ಹವಳ, ಮೈಯೆಲ್ಲ ಒಳಗೆಳೆದುಕೊಂಡು ಮುನಿದು ಕೂತಿತು. ಅಲೆ ಸಾಲದೇನೋ ಎಂದು ಪಂಪ್ ಜೋರು ಮಾಡಿದೆ, ಇನ್ನೂ ಮುದುಡಿತು. ಕಡಿಮೆ ಮಾಡಿದೆ, ಮೂಲೆಯಲ್ಲಿ ಕಸ ಕೂತು ಕೊಳೆಯತೊಡಗಿತು. ಯಾರನ್ನು ಒಲಿಸಿದರೆ ಯಾರು ಸಾಯುತ್ತಾರೋ ಎಂಬ ಪಾಡು. ಕೊನೆಗೆ ಬೇಸರ ಬಂದು ಪಂಪಿನ ಬಾಯನ್ನು ಗಾಜಿನ ಕಡೆಗೆ ತಿರುಗಿಸಿಟ್ಟೆ. ನೀರು ಗಾಜಿಗೆ ಬಡಿದು, ಒಡೆದು, ಎಲ್ಲ ಕಡೆಯಿಂದಲೂ ಮೆಲ್ಲಗೆ ಬರತೊಡಗಿತು. ಮಾರನೆಯ ಬೆಳಿಗ್ಗೆ ಹಸಿರು ಸುತ್ತಿಗೆಗಳೆಲ್ಲ ಅರಳಿ ತೂಗುತ್ತಿದ್ದವು! ಮೆಕ್ಕೆಜೋಳದ ಹಿಟ್ಟಿನ ಫೂತು ಬಡಿಸಿಕೊಂಡು, ಮಜ್ಜಿಗೆ ಸುರಿದುಕೊಳ್ಳುವುದನ್ನೂ ಮರೆತು ತೊಟ್ಟಿಯ ಮುಂದೆ ನಿಂತೇ ತಿಂದೆ. ಸರಿಯಾದದ್ದು ಹೇಗೆಂದು ಕೇಳಬೇಡ.

ಕಳೆದ ಭಾನುವಾರ ಬೆಳಿಗ್ಗೆ ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರ್ ಸಿಡಿದು ಕರೆಂಟ್ ಹೋಯಿತು. ಪಂಪಿಗಾಗಿ ನೀನು ಇಟ್ಟಿದ್ದ ಬ್ಯಾಟರಿಯನ್ನು ಸಿಬೊನೆಲೊ ಆಗಲೇ ಒಯ್ದಿದ್ದ. "ಮಗು ಕತ್ತಲಲ್ಲಿ ಅಳುತ್ತೆ ಅಮ್ಮಾ, ಅವಳ ಕಲ್ಲಿಗಿಂತ ನಿನ್ನ ಮೊಮ್ಮಗು ಹೆಚ್ಚಲ್ವಾ?" ಎಂದಿದ್ದ. ಏನು ಹೇಳಲಿ ನೊಲ್ವಾಜಿ? ಆ ಕೂಸು ತಪ್ಪೇನು ಮಾಡಿದೆ? ಬ್ಯಾಟರಿ ಕೊಟ್ಟುಬಿಟ್ಟಿದ್ದೆ. ಭಾನುವಾರ ನಾನು ಟಾರ್ಚ್ ಹಿಡಿದು ಹವಳಗಳಿಗೆ ಬೆಳಕು ಬಿಡುತ್ತಾ ನಿಂತಿದ್ದೆ. ಪೆರುಮಾಲ್ ಫೋನಿನಲ್ಲಿ ಕೂಗಿದರು, "ಮಾ, ಟಾರ್ಚ್ ಆರಿಸಿ! ಕತ್ತಲೆ ಎರಡು ಮೂರು ದಿನ ಬೇಕಾದ್ರೂ ತಡ್ಕೋತವೆ. ನೀರು ನಿಂತ್ರೆ ಉಸಿರುಕಟ್ಟಿ ಸಾಯ್ತವೆ. ನೀರು ಅಲ್ಲಾಡಿಸಿ!" ಜಗ್ ತಂದೆ. ಮೊಗೆದು ಎತ್ತರದಿಂದ ಸುರಿದೆ, ಮತ್ತೆ ಮೊಗೆದೆ. ಚರ್ಚಿನ ಗಂಟೆ ಹೊಡೆಯಿತು, ಹೋಗಲಿಲ್ಲ. ಹಾಡನ್ನು ಇಲ್ಲೇ ಹೇಳಿಕೊಂಡು ಸುರಿದೆ.

ಮಧ್ಯಾಹ್ನ ಸಿಬೊನೆಲೊ ಗೆಳೆಯ ತುಲಾನಿಯ ಪಿಕಪ್‌ನಲ್ಲಿ ಹಗ್ಗ ಹೊತ್ತ ತುಲಾನಿಯನ್ನೂ ಕರೆದುಕೊಂಡು ಬಂದ. ತೊಟ್ಟಿಯನ್ನು ಯಾರಿಗೋ ಮಾರಿದ್ದನಂತೆ. "ಹೇಗೂ ಸಾಯ್ತಾ ಇದಾವೆ, ಪಕ್ಕಕ್ಕೆ ಸರಿ ಅಮ್ಮಾ," ಎಂದ. ನಾನು ಸರಿಯಲಿಲ್ಲ, ಸುರಿಯುವುದನ್ನು ನಿಲ್ಲಿಸಲೂ ಇಲ್ಲ. "ನೀನು ಯಾರ ಅಮ್ಮ?" ಎಂದು ಕೇಳಿದ. ಹೆತ್ತ ಮಗ ಕಣೇ, ನಾನು ಎದೆಹಾಲು ಕುಡಿಸಿದವನು. ಮತ್ತೆ ಜಗ್ ಮುಳುಗಿಸಿ ಮೊಗೆದೆ. ತುಲಾನಿ ನನ್ನ ಮುಖ ನೋಡಿದ. ಹಗ್ಗ ಕೆಳಗಿಟ್ಟು, ಅಡುಗೆಮನೆಗೆ ಹೋಗಿ ಇನ್ನೊಂದು ಜಗ್ ತಂದು, "ಅಮ್ಮಾ, ನೀವು ಕೂತ್ಕೊಳ್ಳಿ, ನಾನು ಸುರೀತೀನಿ," ಎಂದ. ನಿನ್ನ ಗಂಡ ಹೊರಗೆ ಪಿಕಪ್‌ನಲ್ಲಿ ಕುಳಿತು ಹಾರ್ನ್ ಒತ್ತಿದ, ಒತ್ತಿದ, ಆಮೇಲೆ ನಡೆದೇ ಹೋಗಿಬಿಟ್ಟ. ನಾವಿಬ್ಬರೂ ಸರದಿಯಲ್ಲಿ ಸುರಿದೆವು. ಸಂಜೆ ಕರೆಂಟ್ ಬಂತು.

ಎಲ್ಲವೂ ಉಳಿಯಲಿಲ್ಲ. ಗುಲಾಬಿ ಕೊಂಬೆಯ ಮೈ ನೆನೆದ ಕಾಗದದಂತೆ ಸುಲಿದುಹೋಯಿತು, ಬೆರಳಷ್ಟು ತುಂಡೊಂದು ಉಳಿದಿದೆ. ಅಣಬೆಗಳಿಗೆ ಏನೂ ಆಗಿಲ್ಲ. ಹಸಿರು ಸುತ್ತಿಗೆ ಅರ್ಧ ಅರಳಿದೆ, ಅರ್ಧ ಯೋಚಿಸುತ್ತಿದೆ. ಆ ತುಂಡನ್ನು ಮೇಲಿಡಲೋ ಕೆಳಗಿಡಲೋ, ಅಲೆಗೆ ಒಡ್ಡಲೋ ಮರೆಯಲ್ಲಿಡಲೋ ನನಗೆ ಗೊತ್ತಾಗುತ್ತಿಲ್ಲ. ಸದ್ಯಕ್ಕೆ ಕೈಗೆ ಸಿಕ್ಕ ಕಲ್ಲಿನ ಮೇಲಿಟ್ಟಿದ್ದೇನೆ.

ನಿನ್ನ ತಾಯಿಗೆ ನನ್ನ ನಮಸ್ಕಾರ ಹೇಳು. ನಮ್ಮ ಹಿರಿಯರ ಕಣ್ಣು ನಿನ್ನ ಮೇಲಿರಲಿ, ನೀನು ಉಂಡದ್ದು ಮೈಗೆ ಹತ್ತಲಿ, ಕಣ್ತುಂಬ ನಿದ್ದೆ ಬರಲಿ.

ನಿನ್ನ ಅತ್ತೆ,
ಮಾಂಗೆಮಾ

ಮರೆತೆ: ಗೇಟಿನ ಮುಂದೆ ಟ್ಯಾಕ್ಸಿ ಬಂದು ನಿಂತಿದೆ, ಮಾಚೇಲೆ ಬೈಯುತ್ತಿದ್ದಾಳೆ, ಬರೆಯಬೇಕಾದ್ದನ್ನೇ ಬರೆದಿಲ್ಲ. ಸೋಮವಾರ ಮುಂಬಾಗಿಲ ಬೀಗ ಬದಲಾಯಿಸಿದೆ. ಸಿಬೊನೆಲೊನ ಬಟ್ಟೆಬರೆ ಅವನ ಸೋದರಮಾವನ ಮನೆಗೆ ಕಳಿಸಿದೆ. ಈ ಮನೆ ನನ್ನ ಹೆಸರಲ್ಲಿದೆ. ಅವನು ಊಟಕ್ಕೆ ಬರಬಹುದು, ಬಾಗಿಲು ತಟ್ಟಿ ಬರಲಿ. ಮಾಡಿದ್ದು ಸರಿಯೋ ತಪ್ಪೋ ದೇವರೇ ಬಲ್ಲ, ಎರಡು ದಿನದಿಂದ ಅಳುತ್ತಿದ್ದೇನೆ. ಆ ಮಗುವನ್ನು ನೋಡಲು ನಾನು ಹೋಗುತ್ತೇನೆ, ಅದಕ್ಕೆ ನೀನು ಸಿಟ್ಟಾಗಬಾರದು. ಲಕೋಟೆಯ ಮೂಲೆಯಲ್ಲಿ ಗಟ್ಟಿಯಾಗಿ ಕೈಗೆ ತಗಲುವುದು ಹೊಸ ಬೀಗದ ಕೈ. ಎರಡೇ ಮಾಡಿಸಿದ್ದೇನೆ. ಇನ್ನೊಂದು ನನ್ನ ಕೊರಳಲ್ಲಿದೆ.