ಪಟ್ಟಿಯಲ್ಲಿ ಇಲ್ಲದ ಬಾಳೆ

ಜುಲೈ 6, ಶನಿವಾರ

ಮತ್ತೆ ಕೈ ನಡುಗಿತು. ಪಿಪೆಟ್ ತುದಿ ಬಟ್ಟಲಿನ ಅಂಚಿಗೆ ತಾಗಿತು, ಇನ್ನು ಅದು ಶುದ್ಧವಲ್ಲ, ಬಟ್ಟಲು ಕಸಕ್ಕೆ. ಇವತ್ತಿಗೆ ಮೂರನೆಯದು. ಇಪ್ಪತ್ತಾರು ವರ್ಷ ಮಕ್ಕಳಿಗೆ ಬಯಾಲಜಿ ಹೇಳಿಕೊಟ್ಟವಳು, ಐವತ್ತೆರಡಕ್ಕೆ ಶನಿವಾರದ ವಿದ್ಯಾರ್ಥಿನಿ. ಕಂಪಾಲಾ ಹತ್ತಿರದ ಈ ಬಾಳೆ ಲ್ಯಾಬಿನ ಟ್ರೇನಿಂಗಿಗೆ ಬಂದ ಟೀಚರುಗಳಲ್ಲಿ ನಾನೇ ಮುದುಕಿ.

ಕಲಿಸುವ ಡಾಕ್ಟರ್ ಅಮೊಡಿಂಗ್‌ಗೆ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸು. ಜೀನ್ ತಿದ್ದುವುದು ಹೇಗೆಂದು ಬೋರ್ಡಿನ ಮೇಲೆ ಬರೆದಳು. ದಾರಿ ತೋರುವ ಎಳೆಯೊಂದು ಜಾಗ ಹುಡುಕುತ್ತದೆ. ಜೊತೆಗಿರುವ ಕತ್ತರಿ ಅಲ್ಲೇ ಕತ್ತರಿಸುತ್ತದೆ. ಜೀವಕೋಶ ಗಾಯ ಹೊಲಿದುಕೊಳ್ಳುವಾಗ ಒಂದೆರಡು ಅಕ್ಷರ ತಪ್ಪುತ್ತದೆ — ಆ ಜೀನ್ ಕೆಲಸ ನಿಲ್ಲಿಸುತ್ತದೆ. ನಮ್ಮ ಬಾಳೆಯಲ್ಲಿ ನಿಲ್ಲಿಸಬೇಕಾದದ್ದು, ಸೊರಗು ರೋಗಕ್ಕೆ ಒಳಗೆ ಜಾಗ ಕೊಡುವ ಜೀನ್.

"ಹೊರಗಿಂದ ಏನಾದ್ರೂ ಸೇರಿಸ್ತೀರಾ?" ಅಂತ ಕೇಳಿದೆ.

"ಕೊನೆಗೆ ಹೊರಗಿನದು ಏನೂ ಉಳಿಯಬಾರ್ದು ಟೀಚರ್, ಅದೇ ಗುರಿ. ಕಳ್ಳ ಬರೋ ಬಾಗಿಲಿಗೆ ಬೀಗ ಜಡಿಯೋದು, ಅಷ್ಟೆ. ಮನೆ ಅದೇ, ರುಚಿ ಅದೇ."

ಕುಡುಗೋಲು ಕಣದ (ಸಿಕಲ್ ಸೆಲ್) ರಕ್ತರೋಗಕ್ಕೂ ಇದೇ ದಾರಿಯ ಚಿಕಿತ್ಸೆ ಬಂದಿದೆಯಂತೆ, ದೂರದ ದೇಶಗಳಲ್ಲಿ. ಆ ರೋಗದಿಂದ ನನ್ನ ಕ್ಲಾಸಿನಲ್ಲಿ ಖಾಲಿಯಾದ ಬೆಂಚುಗಳು ನೆನಪಾದವು... ಬೇಡ.

ರುಚಿ ಅದೇ ಎಂಬ ಮಾತು ಬಸ್ಸಿನುದ್ದಕ್ಕೂ ತಲೆಯಲ್ಲಿತ್ತು. ಜಾಜಾ — ಅಪ್ಪನ ಅಮ್ಮ — ಎಲೆಯಲ್ಲಿ ಕಟ್ಟಿ ಬೇಯಿಸುತ್ತಿದ್ದ ಬಾಳೆಕಾಯಿ ಮಟೋಕೆ. ಅವರು ಹೋಗಿ ಹದಿನೆಂಟು ವರ್ಷ, ನಾಲಿಗೆ ಇನ್ನೂ ಮರೆತಿಲ್ಲ.

ಜುಲೈ 13

ಲ್ಯಾಬಿನ ಸಂಗ್ರಹದ ಪಟ್ಟಿ ಹಂಚಿದರು. ಇದರಲ್ಲಿ ಇಲ್ಲದ ತಳಿ ಮನೆಯಲ್ಲಿದ್ದರೆ ಎಳೆಯ ಬಾಳೆಹೂವು ತನ್ನಿ ಎಂದರು. ಅದರೊಳಗಿನ ಕೋಶದಿಂದಲೇ ಎಲ್ಲ ಶುರು. ಪಟ್ಟಿಯನ್ನು ಮೂರು ಸಲ ಓದಿದೆ. ನಮ್ಮದು ಇಲ್ಲ!

ಊರಿನ ಮನೆಯ ಹಿಂದಿನ ಆ ಬಾಳೆಯ ಗುಂಪು. ನಾನು ಹುಟ್ಟಿದ ದಿನ ನನ್ನ ಜೊತೆ ಹೊರಬಂದ ಮಾಸನ್ನು ಹೂತದ್ದು ಅದರ ಬುಡದಲ್ಲಿ. "ಅದು ನಿನ್ನ ಅವಳಿ ಕಣೇ, ಮಾತಾಡ್ಸಿ ಹೋಗು," ಅನ್ನುತ್ತಿದ್ದರು ಜಾಜಾ, ಪ್ರತಿ ಪರೀಕ್ಷೆಯ ಬೆಳಿಗ್ಗೆ. ನಾಚಿಕೆಯಾಗುತ್ತಿತ್ತು. ಆದರೂ ಮಾತಾಡಿಸಿಯೇ ಹೋಗುತ್ತಿದ್ದೆ.

ಸೆಂಗಾ — ಅಪ್ಪನ ತಂಗಿ — ಮದುವೆಯಾಗಿ ದ್ವೀಪಕ್ಕೆ ಹೊರಟಾಗ ಜಾಜಾ ಅದೇ ಬುಡದಿಂದ ಒಂದು ಕಂದು ಕಿತ್ತು ಕೊಟ್ಟರು. ನನಗಾಗ ಆರು. "ನಂದು ಕೊಡ್ಬೇಡ" ಅಂತ ನೆಲಕ್ಕೆ ಬಿದ್ದು ಅತ್ತೆನಂತೆ.

ಜುಲೈ 14, ಸಂಜೆ

ಅಣ್ಣ ಕಿಝಿಟೊಗೆ ಫೋನ್ ಮಾಡಿದೆ. ಪಕ್ಕದ ತೋಟಕ್ಕೆ ಸೊರಗು ರೋಗ ಬಂದಿದೆಯಂತೆ. ಕತ್ತಿಯಿಂದ ಹರಡುತ್ತೆ, ಬಳಸುವ ಮುಂಚೆ ಪ್ರತಿ ಸಲ ಬೆಂಕಿಗೆ ಹಿಡಿ ಎಂದೆ.

"ಕತ್ತಿಗೂ ಜ್ವರ ಬರುತ್ತೇನಮ್ಮಾ?"

"ನಗಬೇಡ ಅಣ್ಣ. ಬೆಂಕಿಗೆ ಹಾಕು."

"ಆಯ್ತು ದೊಡ್ಡ ಟೀಚರ್, ಹಾಕ್ತೀನಿ."

ಜುಲೈ 21, ಊರು

ಹೂವು ಈಗಷ್ಟೇ ಇಣುಕಿದೆ. ಕಾಯಿ ಬಿಟ್ಟು ಹೂವಿನ ತುದಿ ಕೆಳಗಿಳಿಯಲು ಇನ್ನೂ ಕೆಲವು ವಾರ ಕಾಯಬೇಕು. ಬುಡದ ಹತ್ತಿರ ಕೂತೆ, ಮಾತಾಡಿಸಿದೆ. ಯಾರೂ ನೋಡಲಿಲ್ಲ.

ಮಧ್ಯಾಹ್ನ ಅತ್ತಿಗೆ ಎಲೆಯ ಗಂಟು ಬಿಚ್ಚಿದಳು. ಆ ಹಬೆ! ಒಂದು ಕ್ಷಣ ಜಾಜಾ ಅಡಿಗೆಮನೆಯಲ್ಲೇ ಇದ್ದಾರೆ ಅನ್ನಿಸಿತು. ಕಣ್ಣು ತುಂಬಿತು.

"ನಿಂಗೇ ಅಂತ ನಿನ್ನ ಗಿಡದ ಎಲೇನೇ ಕೊಯ್ದೆ," ಎಂದ ಅಣ್ಣ, ಹೆಮ್ಮೆಯಿಂದ.

"ಯಾವ ಕತ್ತೀಲಿ?"

"ಪಕ್ಕದ ಮನೇದು. ನಮ್ಮದನ್ನ ನೀನೇ ಬೆಂಕಿಗೆ ಹಾಕು ಅಂದ್ಯಲ್ಲ. ಹಾಕಿ ಹಾಗೇ ಬಿಟ್ಟೆ. ಹಿಡಿ ಸುಟ್ಟು ಬೂದಿಯಾಯ್ತು."

ರೋಗ ಬಂದ ತೋಟದ ಕತ್ತಿ. ತುತ್ತು ಕೆಳಗಿಟ್ಟೆ. ಅವನು ನನ್ನ ಮುಖ ನೋಡಿದ, ಕೈ ತೊಳೆದು ಎದ್ದು ಹೋದ. ಬೈಯಲಿಲ್ಲ ನಾನು. ಯಾರನ್ನು ಬೈಯಲಿ? ಎಷ್ಟು ಹೊತ್ತು ಹಿಡಿಯಬೇಕು ಅಂತ ಹೇಳಿರಲಿಲ್ಲವಲ್ಲ, ಈ ದೊಡ್ಡ ಟೀಚರ್.

ಆಗಸ್ಟ್ 24

ಎಲೆಗಳು ಹಳದಿಯಾಗಿವೆ ಎಂದು ಅಣ್ಣನ ಫೋನ್. ದಿಂಡು ಕತ್ತರಿಸಿದರೆ ಹಳದಿ ಲೋಳೆಯಂತೆ. ಅಮೊಡಿಂಗ್‌ಗೆ ಹೇಳಿದೆ. ಇಡೀ ಬುಡ ತೆಗೆಯಲೇಬೇಕು ಎಂದಳು.

ಆಗಸ್ಟ್ 25

ತೆಗೆದೆವು. ಅಣ್ಣ ಅಗೆದ, ನಾನು ಮಣ್ಣು ಎಳೆದೆ.

ಸೆಪ್ಟೆಂಬರ್ 7

ಲ್ಯಾಬಿಗೆ ಹೋಗಲಿಲ್ಲ. ಉಳಿದಿರುವುದು ಒಂದೇ ಕಡೆ — ಸೆಂಗಾರ ದ್ವೀಪದ ತೋಟ. ಇದ್ದರೆ. ಅವರ ಗಂಡನ ಮಣ್ಣಿಗೆ ನಾನು ಹೋಗಿರಲಿಲ್ಲ, ಪರೀಕ್ಷೆ ಪೇಪರ್ ತಿದ್ದುವುದಿತ್ತು ಅಂತ. ಹನ್ನೊಂದು ವರ್ಷದಿಂದ ನನ್ನ ಫೋನ್ ತೆಗೆಯುವುದಿಲ್ಲ. ನಾನೂ ಮಾಡುವುದು ಬಿಟ್ಟಿದ್ದೆ.

ಸೆಪ್ಟೆಂಬರ್ 8, ದ್ವೀಪ

ಸೆಂಗಾ ಅಂಗಳದಲ್ಲಿ ಚಾಪೆ ಹೆಣೆಯುತ್ತಿದ್ದರು. ಮಂಡಿಯೂರಿ ನಮಸ್ಕಾರ ಹೇಳಿದೆ. ಉತ್ತರ ಕೊಡಲಿಲ್ಲ. ಉತ್ತರ ಬರದೆ ಏಳುವಂತಿಲ್ಲ. ಒಂದು ಸಾಲು ಹೆಣೆದರು, ಇನ್ನೊಂದು. ಮಂಡಿ ಉರಿಯಿತು. ಬೇಕಾದದ್ದೇ ಅನ್ನಿಸಿತು.

"ಮನುಷ್ಯ ಸತ್ತಾಗ ಬರ್ಲಿಲ್ಲ. ಬಾಳೆ ಸತ್ತಾಗ ಬಂದ್ಯಾ?"

ಅಣ್ಣ ಮೊದಲೇ ಹೇಳಿದ್ದ, ಗೊತ್ತಾಯಿತು.

"ತಪ್ಪಾಯ್ತು ಸೆಂಗಾ." ಅಷ್ಟೇ ಬಂತು ಬಾಯಿಗೆ. ಆಮೇಲೆ ಅಳು.

"ಏಳು, ಏಳು. ಮುದುಕಿಯಾದ್ರೂ ಅಳೋದು ಅದೇ ಥರ," ಎಂದು ನಮಸ್ಕಾರಕ್ಕೆ ಉತ್ತರ ಕೊಟ್ಟರು. ಕೈ ಹಿಡಿದು ಹಿತ್ತಲಿಗೆ ಕರೆದೊಯ್ದರು.

ಇತ್ತು. ಏಳು ದಿಂಡು, ಹಸಿರೋ ಹಸಿರು. ಒಂದರಲ್ಲಿ ಎಳೆಯ ಹೂವು.

"ನಂಗೆ ಮಕ್ಕಳಾಗ್ಲಿಲ್ಲ. ನೀನೂ ಬರ್ಲಿಲ್ಲ. ಇದೊಂದು ಜೊತೆಗಿತ್ತು."

ಕತ್ತಿ ಮುಟ್ಟಲಿಲ್ಲ. ಕವಲು ಕೋಲಿನಿಂದ ಹೂವನ್ನು ತಿರುಚಿ ಮುರಿದೆ. ಕೈ ನಡುಗಲಿಲ್ಲ.

ಸೆಪ್ಟೆಂಬರ್ 14

ರೋಗದ ಪರೀಕ್ಷೆ ಆಯಿತು. ಶುದ್ಧವಾಗಿದೆ!

ಫೆಬ್ರವರಿ 15, ಶನಿವಾರ

ಹೂವಿನ ಕೋಶ ಬೆಳೆದು ಬಟ್ಟಲಲ್ಲಿ ಬಿಳಿ ಕಾಳುಗಳು. ಜೀವ ಹಿಡಿದಿದೆ. ತಿದ್ದುವುದು ಇನ್ನು ಮುಂದೆ. ಗಿಡವಾಗಲು ವರ್ಷ ಬೇಕು, ಜೀನ್ ತಿದ್ದಬಾರದು ಅನ್ನುವವರ ಗದ್ದಲ, ಸರ್ಕಾರದ ಅನುಮತಿ, ಎಲ್ಲ ಇದೆ. ಇರಲಿ.

ಅಮೊಡಿಂಗ್ ಸಂಗ್ರಹದ ಫಾರಂ ಕೊಟ್ಟಳು. ತಳಿಯ ಹೆಸರು ಎಂದು ಒಂದು ಖಾನೆ. ನನಗೆ ಗೊತ್ತಿಲ್ಲ! ಸೆಂಗಾಗೆ ಫೋನ್ ಮಾಡಿದೆ. ಈಗ ಮೊದಲ ರಿಂಗಿಗೇ ತೆಗೆಯುತ್ತಾರೆ.

"ಅದಕ್ಕೆ ಬೇರೆ ಹೆಸರೆಲ್ಲಿತ್ತೇ? ನೀನು ಓದಕ್ಕೆ ಅಂತ ಕಂಪಾಲಾಗೆ ಹೋದ್ಮೇಲೆ ಅಮ್ಮ, ಅದೇ ನಿನ್ನ ಜಾಜಾ, ದಿನಾ ಬೆಳಿಗ್ಗೆ ಅದರ ಮುಂದೆ ನಿಂತು, ನಿನ್ನ ಹೆಸರು ಹಿಡಿದು, 'ನಸ್ಸೂನಾ, ಎದ್ಯಾ? ಊಟ ಮಾಡಿದ್ಯಾ ಅಲ್ಲಿ?' ಅಂತ ಕೇಳೋರು. ಸಾಯೋವರೆಗೂ. ನಿಂಗೆ ಯಾರೂ ಹೇಳ್ಲಿಲ್ವಾ?"

ಯಾರೂ ಹೇಳಿರಲಿಲ್ಲ.

ಫಾರಂ ಮುಂದಿದೆ. ಅಮೊಡಿಂಗ್ ಕಾಯುತ್ತಿದ್ದಾಳೆ. ಇನ್ನು ಬರೆಯಬೇಕು. ತಳಿಯ ಹೆಸರು: ನಸ್ಸೂ —